ಅಜ್ಜಿಕಥೆಗೂ ಒಂದು ವ್ಯಾಕರಣ

ವಿಜಾಪುರದವರು ಹೇಳಿದ ಅಡಗೂಲಜ್ಜಿಯ ಕಥೆಯನ್ನು ಕೇಳಿ ಉಡುಪಿಯವರು “ಇದು ನಮ್ಮೂರ ಕಥೆಯಲ್ಲವೇ?” ಎನ್ನುವುದುಂಟು. ನಾನಾ ಜಿಲ್ಲೆಗಳವರು ಅಕ್ಕಪಕ್ಕದಲ್ಲಿ ವಾಸಿಸುವ ನಮ್ಮ ಘೋಡಬಂದರ್ ರಸ್ತೆಯಲ್ಲಿ ಇದು ಸಹಜವೇ. ಹೆಸರು ಬೇರೆ, ಊರು ಬೇರೆ. ಕಥೆ ಮಾತ್ರ ಒಂದೇ. ಇದನ್ನು ವಿಚಾರಿಸುವುದಕ್ಕೆ ಒಂದು ಶಾಸ್ತ್ರವೇ ಇದೆ.

ಫಿನ್ಲೆಂಡಿನ ಆಂಟಿ ಆರ್ನೆ ಎಂಬ ವಿದ್ವಾಂಸರು 1910ರಲ್ಲಿ ಜನಪದ ಕಥೆಗಳನ್ನು ಮಾದರಿಗಳಾಗಿ ವಿಂಗಡಿಸಿ, ವಾಚನಾಲಯದ ಪುಸ್ತಕಗಳಿಗೆ ಹಾಕುವಂತೆ ಒಂದೊಂದಕ್ಕೂ ಸಂಖ್ಯೆ ಕೊಟ್ಟರು. ಅಮೆರಿಕದ ಸ್ಟಿತ್ ಥಾಮ್ಸನ್ ಅದನ್ನು ವಿಸ್ತರಿಸಿದರು. ರಷ್ಯದ ವ್ಲಾದಿಮಿರ್ ಪ್ರಾಪ್ 1928ರಲ್ಲಿ ಬೇರೊಂದು ದಾರಿ ಹಿಡಿದರು. 100 ಮಾಯಾಕಥೆಗಳನ್ನು ಬಿಡಿಸಿ ನೋಡಿ, ಪಾತ್ರ ಯಾರೆಂಬುದಕ್ಕಿಂತ ಅದು ಮಾಡುವ ಕೆಲಸವೇ ಮುಖ್ಯವೆಂದರು. ಮುದುಕಿ ಉಂಗುರ ಕೊಡಲಿ, ಸಾಧು ಹಿಡಿ ಅಕ್ಕಿ ಕೊಡಲಿ, ಕೆಲಸ ಒಂದೇ: ಕಷ್ಟದಲ್ಲಿದ್ದವನಿಗೆ ನೆರವು. ಇಂಥ ಕೆಲಸಗಳು ಒಟ್ಟು 31. ಎಲ್ಲವೂ ಎಲ್ಲ ಕಥೆಗಳಲ್ಲಿ ಬರಬೇಕೆಂದಿಲ್ಲ. ಬಂದವು ಮಾತ್ರ ಹೆಚ್ಚುಕಡಿಮೆ ಒಂದೇ ಕ್ರಮದಲ್ಲಿ ಬರುತ್ತವೆ. ಮನೆಯವರಲ್ಲೊಬ್ಬರು ಮನೆ ಬಿಡುವುದು ಮೊದಲನೆಯದು, ಮದುವೆ ಕೊನೆಯದು.

ಈಗ ನಮ್ಮದೇ ಕಥೆಯೊಂದನ್ನು ನೋಡೋಣ. 1929ರಲ್ಲಿ ಮೈಸೂರಿನಲ್ಲಿ ಹುಟ್ಟಿದ ಎ. ಕೆ. ರಾಮಾನುಜನ್ ಅವರು ಸಂಗ್ರಹಿಸಿದ ಕನ್ನಡ ಕಥೆಗಳಲ್ಲಿ ‘ಹಂಚಿ’ ಒಂದು. ಚಿನ್ನದ ಕೂದಲಿನ ಹುಡುಗಿಯನ್ನು ಒಡಹುಟ್ಟಿದವನೇ ಮದುವೆಯಾಗಬೇಕೆನ್ನುತ್ತಾನೆ. ತಾಯಿ ಅವಳಿಗೆ ಮಣ್ಣಿನ ಮುಖವಾಡ ಹಾಕಿಸಿ ಊರು ಬಿಡಿಸುತ್ತಾಳೆ. ಹಂಚಿನಂಥ ಮುಖದಿಂದ ಹಂಚಿಯೆಂದೇ ಹೆಸರಾಗಿ, ಅವಳು ಸಾಹುಕಾರನ ಮನೆಯಲ್ಲಿ ಅಡಿಗೆಗೆ ನಿಲ್ಲುತ್ತಾಳೆ. ಸಾಹುಕಾರನ ಮಗ ನಿಜವಾದ ಮುಖವನ್ನು ಕಂಡು ಮದುವೆಯಾಗುತ್ತಾನೆ. ಯುರೋಪಿನ ಸಿಂಡರೆಲ್ಲ ಕಥೆಯ ಬಳಗವೇ ಇದು.

ಪ್ರಾಪ್ ಅವರ ಪಟ್ಟಿಯ ಕೊನೆಯ ಕೆಲಸ ಇಲ್ಲಿಗೆ ಆಯಿತು. ಆದರೆ ಕಥೆ ಮುಗಿಯಲಿಲ್ಲ! ಗುರುಸ್ವಾಮಿಯೊಬ್ಬನ ಕೆಟ್ಟ ಕಣ್ಣು ಬಿದ್ದು, ಹಂಚಿ ಅಪವಾದ ಹೊತ್ತು ಗಂಡನ ಮನೆಯಿಂದ ಹೊರಬೀಳುತ್ತಾಳೆ. ಕೊನೆಗೆ ಅವಳ ಕೈಯಡಿಗೆಯ ರುಚಿಯಿಂದಲೇ ಮನೆಯವರಿಗೆ ಗುರುತು ಸಿಕ್ಕುತ್ತದೆ. ಗಂಡಸು ನಾಯಕನಾದ ಕಥೆ ಬಹುಮಟ್ಟಿಗೆ ಮದುವೆಗೆ ಮುಗಿದರೆ, ಹೆಂಗಸಿನ ಕಥೆಯಲ್ಲಿ ಮದುವೆಯ ತರುವಾಯವೂ ಕಷ್ಟದ ಒಂದು ಭಾಗವಿರುತ್ತದೆಂದು ರಾಮಾನುಜನ್ ತೋರಿಸಿದರು. ಅತ್ತೆಯ ಮನೆಗೆ ಹೋದ ಹೆಣ್ಣುಮಕ್ಕಳು ತಮ್ಮ ಬಾಳಿನಲ್ಲಿ ಕಂಡದ್ದೂ ಅದನ್ನೇ ಅಲ್ಲವೇ?

ರಜೆಯ ಮೇಲೆ ಊರಿಗೆ ಹೋಗುವ ವಾಚಕರು ತಾಯಿಯದೋ ಅಜ್ಜಿಯದೋ ಒಂದು ಕಥೆಯನ್ನು ಅವರ ಮಾತಿನಲ್ಲಿಯೇ ಬರೆದುಕೊಂಡು ಬರಬೇಕು. ಭಾಷೆಯನ್ನು ತಿದ್ದಬೇಡಿ. ಉದ್ದವಾಯಿತೆಂದು ಮದುವೆಗೇ ನಿಲ್ಲಿಸಲೂ ಬೇಡಿ. ಅವರು ಹೇಳಬೇಕೆಂದಿದ್ದದ್ದು ಆಮೇಲೆ ಬರಬಹುದು.