ಪ್ಲಸ್ ಗುರುತು ನಿಂತಲ್ಲಿಗೇ ಗುಂಡು ಹೋಗುವುದಿಲ್ಲ

“ಕಂಪನಿಯಿಂದಲೇ ಸೆಟ್ ಆಗಿ ಬಂದಿದೆ ಅಣ್ಣಾ, ಸ್ಕ್ರೂ ಬಿಗಿ ಮಾಡಿ ಹೊಡೆಯೋದಷ್ಟೇ.” ಹಿಂದೂಪುರದಿಂದ ಕಲ್ಯಾಣದುರ್ಗದವರೆಗೆ, ಏರ್‌ಗನ್ ಕೊಂಡು ಅದರ ಮೇಲೊಂದು ದುರ್ಬೀನು, ಅಂದರೆ ಸ್ಕೋಪ್, ಕೂರಿಸಿಕೊಂಡ ಹುಡುಗರ ಬಾಯಲ್ಲಿ ಈ ಮಾತು ಕೇಳಿ ಕೇಳಿ ಸಾಕಾಗಿದೆ. ಹಾಗಂತ ನಂಬಿ ಹೊಡೆಯುತ್ತಾರೆ. ಗುಂಡು ಡಬ್ಬಕ್ಕೆ ತಾಗುವುದಿಲ್ಲ. ಆಗ ಬೈಗುಳ ಬೀಳುವುದು ಸ್ಕೋಪಿಗೆ, ಇಲ್ಲವೇ ಮಾರಿದವನಿಗೆ. ತಪ್ಪಿರುವುದು ಆ ನಂಬಿಕೆಯಲ್ಲಿ ಎಂದು ಯಾರಿಗೂ ಹೊಳೆಯುವುದಿಲ್ಲ.

ಸ್ವಲ್ಪ ಯೋಚಿಸಿ. ಸ್ಕೋಪ್ ತಯಾರಿಸಿದವನಿಗೆ ಅದು ಯಾವ ಬಂದೂಕಿನ ಮೇಲೆ ಕೂರುತ್ತದೆ ಎಂದು ಹೇಗೆ ಗೊತ್ತಾಗಬೇಕು? ನಿಮ್ಮ ನಳಿಗೆ ಎಷ್ಟು ಬಾಗಿದೆ, ಸ್ಕೋಪನ್ನು ಹಿಡಿದಿಡುವ ರಿಂಗ್ ಎಷ್ಟು ಎತ್ತರದ್ದು, ನೀವು ಹಾಕುವ ಸೀಸದ ಗುಂಡು, ಅಂದರೆ ಪೆಲೆಟ್, ಎಷ್ಟು ತೂಕದ್ದು, ಇದ್ಯಾವುದೂ ಅವನಿಗೆ ತಿಳಿಯದು. ಅವನು ಮಾಡಿ ಕಳಿಸುವುದು ಇಷ್ಟೇ: ಪ್ಲಸ್ ಗುರುತಾಗಿ ಕೂಡುವ ಒಳಗಿನ ಅಡ್ಡಗೆರೆ, ನಿಲುಗೆರೆಗಳನ್ನು ಅವು ಸರಿದಾಡಬಲ್ಲ ಜಾಗದ ಹೆಚ್ಚುಕಡಿಮೆ ನಡುವೆ ನಿಲ್ಲಿಸುತ್ತಾನೆ. ಅಲ್ಲಿಂದ ಯಾವ ಕಡೆಗೆ ಬೇಕಾದರೂ ಸರಿಸಿಕೊಳ್ಳಲು ನಿಮಗೆ ಜಾಗ ಸಿಗಲಿ ಎಂದು. ‘ಕಂಪನಿ ಸೆಟ್ಟಿಂಗ್’ ಎನ್ನುವುದರ ಪೂರ್ತಿ ಅರ್ಥ ಇದು.

ಸ್ಕೋಪ್ ನಳಿಗೆಯ ಒಳಗಿಲ್ಲ, ಮೇಲಿದೆ. ಎರಡರ ನಡುಮಧ್ಯಗಳ ಅಂತರ ಸಾಮಾನ್ಯವಾಗಿ 4 ಸೆಂ.ಮೀ. ಆಸುಪಾಸು. ಕಣ್ಣಿನ ಗೆರೆ ನೇರ. ಗುಂಡಿನ ದಾರಿ ನೇರವಲ್ಲ, ನಳಿಗೆಯ ಬಾಯಿ ಬಿಟ್ಟ ಗಳಿಗೆಯಿಂದಲೇ ಅದು ಬೀಳಲು ಶುರುಮಾಡುತ್ತದೆ. ಸೆಕೆಂಡಿಗೆ 200 ಮೀಟರ್ ವೇಗದ ಪೆಲೆಟ್ 20 ಮೀಟರ್ ದಾಟಲು ಸೆಕೆಂಡಿನ ಹತ್ತನೇ ಒಂದು ಭಾಗ ತೆಗೆದುಕೊಳ್ಳುತ್ತದೆ. ಅಷ್ಟರಲ್ಲಿ ಸುಮಾರು 5 ಸೆಂ.ಮೀ. ಇಳಿದಿರುತ್ತದೆ. ದೂರ 40 ಮೀಟರಾದರೆ ಇಳಿತ ಎರಡು ಪಟ್ಟಲ್ಲ, ನಾಲ್ಕು ಪಟ್ಟು, ಅಂದರೆ ಸುಮಾರು 20 ಸೆಂ.ಮೀ. ಇದು ಗಾಳಿಯ ತಡೆಯನ್ನು ಬಿಟ್ಟು ಹಾಕಿದ ಲೆಕ್ಕ. ನಿಜದಲ್ಲಿ ಪೆಲೆಟ್ಟಿನ ವೇಗ ಬೇಗ ಕುಗ್ಗುವುದರಿಂದ ಇಳಿತ ಇನ್ನೂ ಹೆಚ್ಚು.

ಈ ಇಳಿತಕ್ಕಾಗಿಯೇ ನಳಿಗೆಯ ಮೂತಿ ಕಣ್ಣಿನ ಗೆರೆಗಿಂತ ಒಂದಿಷ್ಟು ಮೇಲಕ್ಕೆ ನೋಡುವಂತೆ ಸ್ಕೋಪನ್ನು ಹೊಂದಿಸುತ್ತಾರೆ. ಆಗ ಗುಂಡು ಕೆಳಗಿನಿಂದ ಹೊರಟು ಕಣ್ಣಿನ ಗೆರೆಯನ್ನು ಒಮ್ಮೆ ದಾಟಿ ಮೇಲೇರುತ್ತದೆ, ಮುಂದೆ ಮತ್ತೊಮ್ಮೆ ದಾಟಿ ಕೆಳಗಿಳಿಯುತ್ತದೆ. ಮೇಲಿನ ಲೆಕ್ಕದ ಪ್ರಕಾರವೇ 10 ಮೀಟರಿಗೆ ಸರಿಮಾಡಿದ ಸ್ಕೋಪು 20 ಮೀಟರಿನಲ್ಲಿ ಒಂದೂವರೆ ಸೆಂ.ಮೀ. ಮೇಲೆ ಹೊಡೆಯುತ್ತದೆ, 40ರಲ್ಲಿ ಸುಮಾರು 3 ಸೆಂ.ಮೀ. ಕೆಳಗೆ. “ನಳಿಗೆ ಬಿಟ್ಟ ಗುಂಡು ಮೊದಲು ತಾನಾಗಿ ಮೇಲೇಳುತ್ತದೆ” ಎಂಬ ಇನ್ನೊಂದು ನಂಬಿಕೆ ಹುಟ್ಟಿದ್ದೂ ಇಲ್ಲಿಂದಲೇ. ತಾನಾಗಿ ಏಳುವ ಗುಂಡು ಭೂಮಿಯ ಮೇಲಿಲ್ಲ. ನಾವು ಮೂತಿ ಎತ್ತಿದ್ದೇವೆ, ಅಷ್ಟೇ.

ನಳಿಗೆಯ ಬಾಯಿಗೆ ಸಿಕ್ಕಿಸುವ ಲೇಸರ್ ದೀಪ ತಂದು, ಗೋಡೆಯ ಮೇಲಿನ ಕೆಂಪು ಚುಕ್ಕೆಗೆ ಪ್ಲಸ್ ಗುರುತು ಕೂರಿಸಿ, ಕೆಲಸ ಮುಗಿಯಿತು ಎನ್ನುವವರೂ ಇದ್ದಾರೆ. ಲೇಸರ್ ಬೀಳುವುದಿಲ್ಲ, ಗುಂಡು ಬೀಳುತ್ತದೆ. ಆ ದೀಪದ ಉಪಯೋಗ ಮೊದಲ ಗುಂಡು ಕಾಗದದ ಆಚೆ ಹೋಗದಂತೆ ನೋಡಿಕೊಳ್ಳುವುದು, ಅದಕ್ಕಿಂತ ಹೆಚ್ಚಿಲ್ಲ. ಬೋಲ್ಟ್ ತೆಗೆದು ನಳಿಗೆಯೊಳಗಿಂದ ಕಣ್ಣಲ್ಲೇ ನೋಡಿ ಹೊಂದಿಸುವ ಹಳೆಯ ವಿಧಾನವಂತೂ ನಮ್ಮಲ್ಲಿ ಹೆಚ್ಚಾಗಿರುವ, ನಳಿಗೆ ಮಡಿಸಿ ಪೆಲೆಟ್ ಹಾಕುವ ಬಂದೂಕುಗಳಿಗೆ ಒಗ್ಗುವುದೇ ಇಲ್ಲ. ಮಡಿಸಿದಾಗ ನಳಿಗೆ ಒಂದು ಕಡೆ, ಸ್ಕೋಪ್ ಇನ್ನೊಂದು ಕಡೆ ನೋಡುತ್ತವೆ. ಮಡಿಚುವ ನಳಿಗೆಗಳಲ್ಲಿ ಮೂತಿ ತುಸು ಕೆಳಕ್ಕೆ ಬಾಗಿರುವುದೂ ಉಂಟು. ಅಂಥದ್ದಕ್ಕೆ ಗೆರೆಗಳನ್ನು ಸರಿಸುವ ನಾಬನ್ನು ಕೊನೆಯವರೆಗೆ ತಿರುಗಿಸಿದರೂ ಸಾಲದು, ಸ್ಕೋಪ್ ಕೂರಿಸಲು ಹಿಂದಿನ ತುದಿ ಎತ್ತರವಿರುವ ಮೌಂಟೇ ಬೇಕು.

ಈಗ ಕ್ಲಿಕ್ಕಿನ ವಿಷಯ. ನಾಬಿನ ಮೇಲೆ ‘ಒಂದು ಕ್ಲಿಕ್ಕಿಗೆ ಕಾಲು ಇಂಚು’ ಎಂದು ಬರೆದಿರುತ್ತದೆ. ಪಕ್ಕದಲ್ಲೇ ‘100 ಗಜಕ್ಕೆ’ ಎಂದೂ ಬರೆದಿರುತ್ತದೆ, ಅದನ್ನು ಯಾರೂ ಓದುವುದಿಲ್ಲ. 100 ಗಜಕ್ಕೆ ಕಾಲು ಇಂಚೆಂದರೆ 10 ಮೀಟರಿಗೆ ಒಂದು ಮಿಲಿಮೀಟರೂ ಇಲ್ಲ, 0.7 ಮಿ.ಮೀ. ಮಾತ್ರ. ಗುಂಡು 3 ಸೆಂ.ಮೀ. ಕೆಳಗೆ ಬಿದ್ದಿದ್ದರೆ 40ಕ್ಕಿಂತ ಹೆಚ್ಚು ಕ್ಲಿಕ್ ತಿರುಗಿಸಬೇಕು. ನಮ್ಮವರು ನಾಲ್ಕು ಕ್ಲಿಕ್ ತಿರುಗಿಸಿ, ಒಂದು ಗುಂಡು ಹೊಡೆದು, “ಏನೂ ಬದಲಾಗಲಿಲ್ಲ, ಸ್ಕೋಪ್ ಡೂಪ್ಲಿಕೇಟ್” ಎಂದು ತೀರ್ಪು ಕೊಡುತ್ತಾರೆ. ಇನ್ನೂ ಒಂದು ಗೊಂದಲ: ನಾಬಿನ ಬಾಣದ ಗುರುತು ಹೇಳುವುದು ಗುಂಡು ಬೀಳುವ ಜಾಗ ಎತ್ತ ಸರಿಯುತ್ತದೆ ಎಂದು, ಒಳಗಿನ ಗೆರೆ ಎತ್ತ ಸರಿಯುತ್ತದೆ ಎಂದಲ್ಲ. ಗುಂಡು ಕೆಳಗೆ ಬಿದ್ದರೆ ‘ಅಪ್’ ಕಡೆಗೆ ತಿರುಗಿಸಿ.

ಒಂದೇ ಗುಂಡು ನೋಡಿ ನಾಬ್ ಮುಟ್ಟುವುದು ಎಲ್ಲಕ್ಕಿಂತ ದೊಡ್ಡ ತಪ್ಪು. ಎನ್‌ಸಿಸಿಯಲ್ಲಿದ್ದು .22 ರೈಫಲ್ ಹೊಡೆದವರಿಗೆ ‘ಗ್ರೂಪಿಂಗ್’ ಎಂದರೆ ಬೇರೆ ಹೇಳಬೇಕಿಲ್ಲ. ಉಳಿದವರಿಗಾಗಿ ಹೇಳುತ್ತೇನೆ: ಮರಳಿನ ಚೀಲದ ಮೇಲೆ ಕೈ ಊರಿ, ಒಂದೇ ಜಾಗಕ್ಕೆ ಗುರಿಯಿಟ್ಟು ಐದು ಗುಂಡು ಹೊಡೆಯಿರಿ. ಮೊದಲನೆಯದು ಎಲ್ಲಿ ಬಿದ್ದರೂ ಕೈ ತಡೆದುಕೊಳ್ಳಿ. ಐದೂ ತೂತುಗಳ ನಡುಮಧ್ಯ ಗುರುತಿಸಿ, ಅಲ್ಲಿಂದ ಗುರಿಗೆ ಎಷ್ಟು ದೂರವೆಂದು ಸ್ಕೇಲಿನಲ್ಲಿ ಅಳೆದು, ಅದಕ್ಕೆ ತಕ್ಕಷ್ಟು ಕ್ಲಿಕ್ ಒಮ್ಮೆಲೇ ತಿರುಗಿಸಿ. ಮತ್ತೆ ಐದು. ತೂತುಗಳು ಕಾಗದದ ತುಂಬ ಚೆಲ್ಲಿದ್ದರೆ ನಾಬಿನಿಂದ ಏನೂ ಆಗದು, ರಿಂಗಿನ ಸ್ಕ್ರೂ, ಪೆಲೆಟ್, ಹಿಡಿಯುವ ರೀತಿ ಈ ಮೂರನ್ನೂ ನೋಡಬೇಕು. ಸ್ಪ್ರಿಂಗ್ ಬಂದೂಕನ್ನು ಬಿಗಿಯಾಗಿ ಹಿಡಿದಷ್ಟೂ ತೂತುಗಳು ಚೆಲ್ಲುತ್ತವೆ. ಸಡಿಲವಾಗಿ, ಪ್ರತಿ ಸಲ ಒಂದೇ ಥರ ಹಿಡಿಯಬೇಕು.

“ದೊಡ್ಡ ರೈಫಲ್ಲಿನ ಸ್ಕೋಪು, ಏರ್‌ಗನ್ ಅದಕ್ಕೆ ಯಾವ ಲೆಕ್ಕ?” ಇದೂ ಸುಳ್ಳು. ಮದ್ದಿನ ಬಂದೂಕು ಹಿಂದಕ್ಕೆ ಒದೆಯುತ್ತದೆ. ಸ್ಪ್ರಿಂಗ್ ಏರ್‌ಗನ್ ಮೊದಲು ಹಿಂದಕ್ಕೆ ಒದ್ದು, ಒಳಗಿನ ಪಿಸ್ಟನ್ ತುದಿ ಮುಟ್ಟಿದಾಗ ಮುಂದಕ್ಕೂ ಜಗ್ಗುತ್ತದೆ. ಆ ಎರಡನೆಯ ಜಗ್ಗು ತಡೆಯುವಂತೆ ಮಾಡಿರದ ಸ್ಕೋಪಿನ ಗೆರೆಗಳು, ಲೆನ್ಸುಗಳು ಸಡಿಲಾಗುತ್ತವೆ. ಮೌಂಟ್ ಹಿಂದಕ್ಕೆ ಜಾರದಂತೆ ತಡೆಯುವ ಪಿನ್ನೂ ಬೇಕು.

ಸ್ಕೋಪ್ ಹಾಕಿದರೆ ಗುರಿಕಾರರಾಗುತ್ತಾರೆ ಎನ್ನುವವರಿಗೆ ಒಂದೇ ಉತ್ತರ: 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಅಭಿನವ್ ಬಿಂದ್ರಾ 10 ಮೀಟರ್ ಏರ್ ರೈಫಲ್ಲಿನಲ್ಲಿ ಚಿನ್ನ ಗೆದ್ದರು. ಆ ಸ್ಪರ್ಧೆಯ ಗುರಿಹಲಗೆಯಲ್ಲಿ ಹತ್ತು ಅಂಕದ ಚುಕ್ಕೆ ಅರ್ಧ ಮಿಲಿಮೀಟರ್, ಮತ್ತು ಅಲ್ಲಿ ದುರ್ಬೀನು ಹಾಕಲು ಬಿಡುವುದಿಲ್ಲ.

ನನಗೆ ಬೇಸರ ತರುವುದು ಬಂದೂಕಿನ ವಿಷಯವೊಂದೇ ಅಲ್ಲ. ಪರೀಕ್ಷೆ ಮಾಡಲು ಹತ್ತು ರೂಪಾಯಿಯ ಕಾಗದ ಸಾಕಿರುವಾಗಲೂ ಪರೀಕ್ಷೆ ಬೇಡ ಎನ್ನುವ ಈ ಸ್ವಭಾವ ನಮ್ಮ ಸೀಮೆಯನ್ನು ತಿನ್ನುತ್ತಿದೆ. ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ಹೊಲ ಸುತ್ತಿ, ಕಾಯಿ ಎದ್ದು ನಿಂತಲ್ಲಿ ನೀರಿದೆ ಎನ್ನುವವನ ಮಾತು ಕೇಳಿ ಸಾವಿರ ಅಡಿ ಕೊರೆಸಿ, ಬರೀ ಧೂಳು ಕಂಡು, ಸಾಲ ಹೊತ್ತ ಮನೆಗಳು ಮಡಕಶಿರಾದಲ್ಲೂ ಇವೆ, ಕಲ್ಯಾಣದುರ್ಗದಲ್ಲೂ ಇವೆ. ಅದೇ ಮನುಷ್ಯ ಹಿಂದೆ ತೋರಿಸಿದ ಜಾಗಗಳಲ್ಲಿ ಎಷ್ಟು ಬೋರಿಗೆ ನೀರು ಬಂತು, ಎಷ್ಟು ಬತ್ತಿದವು ಎಂದು ಮೊದಲೇ ಪಟ್ಟಿ ಮಾಡಿ ನೋಡಿದವರು ಯಾರು? ನೀರು ಬಂದ ಒಂದನ್ನು ಊರೆಲ್ಲ ಹೇಳುತ್ತದೆ, ಬತ್ತಿದ್ದಕ್ಕೆ ಹಣೆಬರಹ ಕಾರಣವಾಗುತ್ತದೆ. ಮೊಬೈಲಿನಲ್ಲಿ ‘ಒಂದೇ ಗುಂಡಿಗೆ ಸ್ಕೋಪ್ ಸೆಟ್’ ಎಂದು ತೋರಿಸುವವನೂ ತಾಗಿದ ಆ ಒಂದನ್ನಷ್ಟೇ ತೋರಿಸುತ್ತಾನೆ.

ಸ್ಕೋಪಿನ ಬಗೆಗಿನ ಕೊನೆಯ ನಂಬಿಕೆ ಅಪಾಯದ್ದು. ಸ್ಕೋಪ್ ಇದ್ದರೆ ಗುಂಡಿಗೆ ಬಲ ಹೆಚ್ಚುತ್ತದೆ, ಕಡಲೆಕಾಯಿ ಹೊಲಕ್ಕೆ ನುಗ್ಗುವ ಹಂದಿಯನ್ನೋ ಕುಂದುರ್ಪಿ ಕಡೆ ರಾತ್ರಿ ಊರೊಳಗೆ ಬರುವ ಕರಡಿಯನ್ನೋ ದೂರದಿಂದಲೇ ಓಡಿಸಬಹುದು ಎಂದು ಕೆಲವರು ನಂಬಿದ್ದಾರೆ. ದುರ್ಬೀನು ಕರಡಿಯನ್ನು ದೊಡ್ಡದಾಗಿ ತೋರಿಸುತ್ತದೆ. ಅರ್ಧ ಗ್ರಾಂ ಸೀಸ ಅರ್ಧ ಗ್ರಾಮಾಗಿಯೇ ಉಳಿಯುತ್ತದೆ. ಅದು ತಾಗಿದ ಕರಡಿ ಓಡಿಹೋಗುವ ಬದಲು ಮೈಮೇಲೆ ಬರಬಹುದು. 2016ರ ಶಸ್ತ್ರ ನಿಯಮಗಳ ಪ್ರಕಾರ 4.5 ಮಿ.ಮೀ. ನಳಿಗೆಯ, 20 ಜೂಲ್ ಮೀರದ ಏರ್‌ಗನ್ನಿಗೆ ಲೈಸೆನ್ಸ್ ಬೇಕಿಲ್ಲ, ನಿಜ. ಆದರೆ ಲೈಸೆನ್ಸ್ ಬೇಡವೆಂದರೆ ಯಾವುದಕ್ಕೆ ಬೇಕಾದರೂ ಹೊಡೆಯಬಹುದು ಎಂದಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಕರಡಿಯೂ ನವಿಲೂ ಮೊದಲ ಪಟ್ಟಿಯಲ್ಲಿವೆ. ಕೊಲ್ಲುವುದಷ್ಟೇ ಅಲ್ಲ, ಕೊಲ್ಲಲು ಪ್ರಯತ್ನಿಸುವುದನ್ನೂ ಗಾಯ ಮಾಡುವುದನ್ನೂ ಆ ಕಾಯ್ದೆ ಬೇಟೆ ಎಂದೇ ಕರೆಯುತ್ತದೆ. ಗುಂಡು ತಪ್ಪಿತು ಎಂಬುದು ಅಲ್ಲಿ ನೆಪವಾಗುವುದಿಲ್ಲ.