ನಿಮಗಿದು ಗೊತ್ತೇ? ಚೀನೀಯರ ಕೊನೆಯ ಇಚ್ಛಾಪತ್ರ

ಚೀನಾದ ಮುಖ್ಯ ಭೂಭಾಗದಲ್ಲಿ ‘ಲಿವಿಂಗ್ ವಿಲ್’ಗೆ ಕಾನೂನಿನ ಬಲ ಕೊಟ್ಟ ಮೊದಲ ನಗರ ಶೆಂಜೆನ್. 2022ರ ಜೂನ್‌ನಲ್ಲಿ ತಿದ್ದುಪಡಿಯಾದ ಅಲ್ಲಿನ ವೈದ್ಯಕೀಯ ನಿಯಮ 2023ರ ಜನವರಿ 1ರಂದು ಜಾರಿಗೆ ಬಂತು. ವಾಸಿಯಾಗದ ಕಾಯಿಲೆಯ ಕೊನೆಯ ಹಂತದಲ್ಲಿ ವೆಂಟಿಲೇಟರ್‌ನಂಥ ಜೀವರಕ್ಷಕ ಚಿಕಿತ್ಸೆ ಬೇಕೋ ಬೇಡವೋ ಎಂದು ಮೊದಲೇ ಬರೆದಿಡಬಹುದು, ವಿಡಿಯೊ ಮಾಡಿಟ್ಟರೂ ಸಾಕು. ನೋಟರಿ ಆಗಿರಬೇಕು, ಇಲ್ಲವೇ ಇಬ್ಬರಾದರೂ ಸಾಕ್ಷಿಗಳಿರಬೇಕು. ಚಿಕಿತ್ಸೆ ಕೊಡುವ ವೈದ್ಯರು ಸಾಕ್ಷಿ ಹಾಕುವಂತಿಲ್ಲ. ಅದೇ ಜನವರಿ 24ರಂದು ನಮ್ಮ ಸುಪ್ರೀಂ ಕೋರ್ಟ್ ಕೂಡ ಭಾರತದ ಇಂಥದೇ ಪತ್ರದ ವಿಧಾನವನ್ನು ಸರಳಗೊಳಿಸಿತು.

ಚೀನಾದಲ್ಲಿ ಕ್ಯಾನ್ಸರ್ ಎಂಬ ಸುದ್ದಿ ಎಷ್ಟೋ ಸಲ ಮೊದಲು ಮುಟ್ಟುವುದು ಮಕ್ಕಳ ಕಿವಿಗೆ, ರೋಗಿಗಲ್ಲ. 2021ರಲ್ಲಿ ಜಾರಿಯಾದ ಸಿವಿಲ್ ಕೋಡ್‌ನ 1219ನೇ ವಿಧಿಯೂ ಇದಕ್ಕೆ ಎಡೆಕೊಟ್ಟಿದೆ: ರೋಗಿಗೆ ಹೇಳುವುದು ಸಾಧ್ಯವಿಲ್ಲ ಅಥವಾ ಸೂಕ್ತವಲ್ಲ ಎನಿಸಿದರೆ ಹತ್ತಿರದ ಬಂಧುಗಳಿಗೆ ತಿಳಿಸಿ ಅವರ ಒಪ್ಪಿಗೆ ಪಡೆಯಬೇಕು. 2019ರ ‘ದ ಫೇರ್‌ವೆಲ್’ ಸಿನಿಮಾದಲ್ಲಿ ಅಜ್ಜಿಯ ಕ್ಯಾನ್ಸರನ್ನು ಅಜ್ಜಿಗೇ ತಿಳಿಸದೆ, ಮದುವೆಯ ನೆಪದಲ್ಲಿ ಬಳಗವೆಲ್ಲ ಬಂದು ನೋಡಿ ಹೋಗುತ್ತದೆ. ಅದು ನಿರ್ದೇಶಕಿ ಲೂಲು ವಾಂಗ್ ಅವರ ಮನೆಯಲ್ಲೇ ನಡೆದದ್ದು. ಮನೆಯವರ ಪ್ರೀತಿಯಲ್ಲಿ ನನಗೆ ಸಂಶಯವಿಲ್ಲ. ಆದರೆ ತಮಗೆ ಏನಾಗಿದೆಯೆಂದೇ ತಿಳಿಯದವರು ತಮ್ಮ ಕೊನೆಯ ಇಚ್ಛೆಯನ್ನು ಬರೆಯುವುದಾದರೂ ಹೇಗೆ?

ನೆಮ್ಮದಿಯ ಸಾವಿಗಿಂತ ಹೇಗೋ ಜೀವ ಹಿಡಿದಿರುವುದೇ ಮೇಲು ಎನ್ನುವ ಗಾದೆ ಅಲ್ಲಿ ಎಲ್ಲರ ಬಾಯಲ್ಲೂ ಇದೆ. ಹೆತ್ತವರ ಋಣ ತೀರಿಸುವುದನ್ನು ಪರಮ ಧರ್ಮವೆಂದ ಕನ್‌ಫ್ಯೂಷಿಯಸ್ ಪರಂಪರೆಯಲ್ಲಿ, ‘ಇನ್ನು ಸಾಕು, ನಿಲ್ಲಿಸಿ’ ಎಂದ ಮಗ ಅಪ್ಪನನ್ನು ಕೈಬಿಟ್ಟವನಾಗಿ ಕಾಣುತ್ತಾನೆ.

ಹೆಸರಾಂತ ಲೇಖಕ ಬಾ ಜಿನ್ ತಮ್ಮ ಕೊನೆಯ ಆರು ವರ್ಷಗಳನ್ನು ಶಾಂಘೈನ ಆಸ್ಪತ್ರೆಯಲ್ಲೇ ಕಳೆದರು. ಸಾಯಲು ಬಿಡಿ ಎಂದು ಕೇಳಿಕೊಂಡಿದ್ದರೆಂದು ವರದಿಗಳಾದವು. ಚಿಕಿತ್ಸೆ ಮುಂದುವರಿಯಿತು. 2005ರ ಅಕ್ಟೋಬರ್ 17ರಂದು, ನೂರರ ವಯಸ್ಸಿನಲ್ಲಿ ತೀರಿಕೊಂಡರು.

ಸಾವಿನ ಬಗೆಗಿನ ಈ ಮೌನ ಮುರಿದವರಲ್ಲಿ ಮುಂಚೂಣಿಯಲ್ಲಿದ್ದವರು ಕಮ್ಯುನಿಸ್ಟ್ ಕ್ರಾಂತಿಯ ಸೇನಾನಿಗಳ ಮಕ್ಕಳು! ಜನರಲ್ ಲುವೊ ರುಯಿಚಿಂಗ್ ಅವರ ಮಗಳು ಲುವೊ ದಿಯಾನ್‌ದಿಯಾನ್ 2006ರಲ್ಲಿ ಪ್ರಚಾರಕ್ಕಿಳಿದರು. 2013ರಲ್ಲಿ ಬೀಜಿಂಗ್‌ನಲ್ಲಿ ಲಿವಿಂಗ್ ವಿಲ್ ಪ್ರಚಾರ ಸಂಘ ಹುಟ್ಟಿತು. ಅದರ ಮುಂದಾಳಾಗಿದ್ದವರು ಚೆನ್ ಶಿಯಾವೊಲು, ಮಾರ್ಷಲ್ ಚೆನ್ ಯಿ ಅವರ ಮಗ. 1972ರಲ್ಲಿ ತಂದೆ ಕ್ಯಾನ್ಸರ್‌ನಿಂದ ಸಾಯುವಾಗ ಆ ಹಿಂಸೆಯನ್ನು ನಿಲ್ಲಿಸಲಾಗಲಿಲ್ಲವಲ್ಲ ಎಂಬ ಕೊರಗನ್ನು ಅವರು ಬಹಿರಂಗವಾಗಿಯೇ ಹೇಳಿಕೊಂಡಿದ್ದರು. ಇವರು ಹಂಚಿದ ‘ನನ್ನ ಐದು ಆಸೆಗಳು’ ನಮೂನೆಗೆ ಅಮೆರಿಕದ್ದೊಂದು ಮಾದರಿ. ಯಾವ ಚಿಕಿತ್ಸೆ ಬೇಕು, ಜೀವರಕ್ಷಕ ಯಂತ್ರ ಬೇಕೇ, ನನ್ನೊಡನೆ ಹೇಗೆ ನಡೆದುಕೊಳ್ಳಬೇಕು, ಮನೆಯವರಿಗೆ ಏನು ತಿಳಿದಿರಬೇಕು, ನೆರವಿಗೆ ಯಾರಿರಬೇಕು ಎಂಬಷ್ಟನ್ನು ಅದರಲ್ಲಿ ತುಂಬಬೇಕು. ಇಷ್ಟಿದ್ದರೆ ಆಸ್ಪತ್ರೆಯ ಪಡಸಾಲೆಯಲ್ಲಿ ನಿಂತ ಮಗಳ ತಲೆಯ ಮೇಲಿನ ಭಾರ ಎಷ್ಟೋ ಇಳಿಯುತ್ತದೆ.

ಅಮೆರಿಕದ ಚೀನೀ ಸಮುದಾಯ ಇದೇ ಮಾತಿಗೆ ಇಸ್ಪೀಟಿನ ಮೊರೆ ಹೋಗಿದೆ! ಒಂದೊಂದು ಎಲೆಯ ಮೇಲೂ ಚೀನೀ ಮತ್ತು ಇಂಗ್ಲಿಷ್‌ನಲ್ಲಿ ಒಂದೊಂದು ಕೊನೆಯ ಆಸೆ. ಹಿರಿಯರು ತಮಗೆ ಮುಖ್ಯವೆನಿಸಿದ್ದನ್ನು ಆರಿಸಿ ಮುಂದಿಟ್ಟರೆ ಮಾತು ತಾನಾಗಿ ಶುರುವಾಗುತ್ತದೆ.

ತೈವಾನ್ 2019ರ ಜನವರಿ 6ರಿಂದ ರೋಗಿಯ ಸ್ವಾಯತ್ತತೆಗೆಂದೇ ಕಾಯ್ದೆ ಜಾರಿಗೊಳಿಸಿದೆ. ಮೊದಲು ವೈದ್ಯಕೀಯ ತಂಡದೊಡನೆ ಸಮಾಲೋಚನೆ ಕಡ್ಡಾಯ. ಸಹಿಯಾದ ನಿರ್ಧಾರ ಆರೋಗ್ಯ ವಿಮೆಯ ಕಾರ್ಡಿನಲ್ಲಿ ದಾಖಲಾಗುತ್ತದೆ. ತೀವ್ರ ಮರೆವಿನ ಕಾಯಿಲೆಗೂ ಅದು ಅನ್ವಯ. ಇದಕ್ಕಾಗಿ ಹೋರಾಡಿದ ಆಗಿನ ಶಾಸಕಿ ಯಾಂಗ್ ಯು-ಶಿನ್ ಸ್ವತಃ ಅಪರೂಪದ ಸ್ನಾಯುರೋಗಿ.

2015ರಲ್ಲಿ 80 ದೇಶ-ಪ್ರದೇಶಗಳ ಸಾವಿನ ಗುಣಮಟ್ಟ ಅಳೆದ ಎಕನಾಮಿಸ್ಟ್ ಸೂಚ್ಯಂಕದಲ್ಲಿ ತೈವಾನ್‌ಗೆ 6ನೇ ಸ್ಥಾನ, ಚೀನಾಕ್ಕೆ 71ನೆಯದು. ಭಾರತ 67ರಲ್ಲಿತ್ತು.

ಹಾಂಗ್‌ಕಾಂಗ್ ಶಾಸನಸಭೆ ಇಚ್ಛಾಪತ್ರದ ಕಾಯ್ದೆಗೆ ಒಪ್ಪಿಗೆ ಕೊಟ್ಟದ್ದು 2024ರ ನವೆಂಬರ್‌ನಲ್ಲಿ.

ಶೆಂಜೆನ್‌ನ ನಿಯಮಕ್ಕೆ ಮಾತ್ರ ಆ ನಗರವೇ ಗಡಿ. ಅಲ್ಲಿರುವವರು ಬಹುತೇಕ ಬೇರೆ ಊರುಗಳಿಂದ ದುಡಿಯಲು ಬಂದವರು. ಕಾಯಿಲೆ ಬಿದ್ದು ಹುಟ್ಟೂರಿಗೆ ಮರಳಿದರೆ, ಶೆಂಜೆನ್‌ನಲ್ಲಿ ಸಹಿ ಹಾಕಿದ ಪತ್ರವನ್ನು ಪಾಲಿಸಲೇಬೇಕೆಂದು ಆ ಹುಟ್ಟೂರಿನ ವೈದ್ಯರನ್ನು ಆ ನಿಯಮ ಕಟ್ಟಿಹಾಕಲಾರದು.