ಉಬ್ಬಸ ಎಷ್ಟಿದೆ? ನಡೆಸಿ ನೋಡಬೇಕು

‘ಅಪ್ಪನಿಗೆ ಈಗ ಉಬ್ಬಸ ಕಡಿಮೆ’ ಎಂದು ಮನೆಯವರು ಸಮಾಧಾನದಿಂದ ಹೇಳುತ್ತಾರೆ. ಸ್ವಲ್ಪ ಕೆದಕಿ ಕೇಳಿ. ದಿನಕ್ಕೆರಡು ಸಲ ತೋಟಕ್ಕೆ ಹೋಗುತ್ತಿದ್ದವರು ಈಗ ಜಗುಲಿ ಬಿಟ್ಟು ಇಳಿಯುವುದಿಲ್ಲ. ಶಿಕಾರಿಪುರದ ಪೇಟೆಗೆ ಮಗನ ಬೈಕೇ ಆಗಬೇಕು. ಸೊರಬದ ನೆಂಟರ ಜತೆ ಚಂದ್ರಗುತ್ತಿ ಬೆಟ್ಟ ಹತ್ತುವುದನ್ನು ಬಿಟ್ಟು ಮೂರು ವರ್ಷವಾಯಿತು. ಉಬ್ಬಸ ಕಡಿಮೆಯಾಗಿಲ್ಲ, ಉಬ್ಬಸ ತರುವ ಕೆಲಸಗಳನ್ನೇ ಅವರು ಒಂದೊಂದಾಗಿ ಬಿಟ್ಟಿದ್ದಾರೆ.

ಇದನ್ನು ಪತ್ತೆ ಹಚ್ಚುವುದೇ ಫಿಸಿಯೋಥೆರಪಿಸ್ಟರ ಮೊದಲ ಕೆಲಸ. ಫಿಸಿಯೋಥೆರಪಿ ಎಂದರೆ ಮಂಡಿನೋವಿಗೆ, ಪಾರ್ಶ್ವವಾಯುವಿಗೆ ಮಾತ್ರ ಎಂಬ ಭಾವನೆ ನಮ್ಮಲ್ಲಿದೆ. ಹೃದಯಾಘಾತವಾದವರಿಗೆ, ಬೈಪಾಸ್ ಆದವರಿಗೆ, ಹಳೆಯ ಶ್ವಾಸಕೋಶದ ಕಾಯಿಲೆಯವರಿಗೆ ಕೂಡ ಅಳತೆಯ ವ್ಯಾಯಾಮ ಔಷಧದಷ್ಟೇ ಮುಖ್ಯ. ಆದರೆ ಅಳತೆ ಗೊತ್ತಾಗದೆ ವ್ಯಾಯಾಮ ಹೇಳಿಕೊಡುವುದು ಅಪಾಯ.

ಮೊದಲು ಪ್ರಶ್ನೆಗಳು. ರಾತ್ರಿ ಎಷ್ಟು ದಿಂಬು ಬೇಕು? ನಡುರಾತ್ರಿ ಉಸಿರು ಕಟ್ಟಿ ಎದ್ದು ಕೂರುತ್ತೀರಾ? ಸಂಜೆ ಪಾದ ಊದುತ್ತದೆಯೇ? ಇವು ಹೃದಯದ ಕಡೆ ಬೆರಳು ತೋರುವ ಪ್ರಶ್ನೆಗಳು. ಕಫ ಎಷ್ಟು, ಯಾವ ಬಣ್ಣ, ರಕ್ತವಿದೆಯೇ ಎಂಬುದು ಶ್ವಾಸಕೋಶದ ಕಡೆಗೆ. ಬೀಡಿ ಸೇದುತ್ತೀರಾ ಎಂದು ಗಂಡಸರನ್ನು ಎಲ್ಲರೂ ಕೇಳುತ್ತಾರೆ. ಬಚ್ಚಲೊಲೆ, ಅಡುಗೆ ಒಲೆ, ಅಡಿಕೆ ಬೇಯಿಸುವ ಒಲೆಯ ಹೊಗೆಯಲ್ಲಿ ಎಷ್ಟು ವರ್ಷ ಕಳೆದಿರಿ ಎಂದು ಹೆಂಗಸರನ್ನು ಕೇಳುವವರು ಕಡಿಮೆ. ಬೀಡಿಯನ್ನೇ ಮುಟ್ಟದ ಅಜ್ಜಿಯ ಶ್ವಾಸಕೋಶವೂ ಸೌದೆ ಹೊಗೆಯಿಂದ ಕೆಟ್ಟಿರಬಹುದು. ಆದ್ದರಿಂದ ಕೇಳದಿದ್ದರೂ ನೀವೇ ಹೇಳಿ.

ಆಮೇಲೆ ನೋಡುವುದು. ವಿಶ್ರಾಂತಿಯಲ್ಲಿರುವ ವಯಸ್ಕರ ಉಸಿರಾಟ ನಿಮಿಷಕ್ಕೆ 12ರಿಂದ 20. ಎಣಿಸುತ್ತಿದ್ದಾರೆಂದು ಗೊತ್ತಾದರೆ ಉಸಿರಿನ ಲಯವೇ ಬದಲಾಗುತ್ತದೆ. ಅದಕ್ಕೇ ನಾಡಿ ಹಿಡಿದವರಂತೆ ಕೂತು ಎದೆಯ ಏರಿಳಿತ ಎಣಿಸುತ್ತಾರೆ. ಇದು ಒಪ್ಪಬಹುದಾದ ಕಪಟ! ಉಸಿರೆಳೆಯಲು ಕತ್ತಿನ ಸ್ನಾಯು ದುಡಿಯುತ್ತಿದೆಯೇ, ತುಟಿ ನೀಲಿಯಾಗಿದೆಯೇ, ಕಾಲಿನ ಊತ ಒತ್ತಿದರೆ ಗುಳಿ ಬೀಳುತ್ತದೆಯೇ ಎಂದೂ ನೋಡುತ್ತಾರೆ.

ನಿಜವಾದ ಪರೀಕ್ಷೆ ನಡಿಗೆಯದು. ಸಮತಟ್ಟಾದ 30 ಮೀಟರ್ ಹಾದಿಯಲ್ಲಿ ರೋಗಿ ತನ್ನದೇ ವೇಗದಲ್ಲಿ 6 ನಿಮಿಷ ಅತ್ತಿತ್ತ ನಡೆಯಬೇಕು. ಸುಸ್ತಾದರೆ ನಿಲ್ಲಬಹುದು, ಗಡಿಯಾರ ಮಾತ್ರ ನಿಲ್ಲದು. ಇದಕ್ಕೆ ಅಮೆರಿಕದ ಎದೆರೋಗ ತಜ್ಞರ ಸಂಘ 2002ರಲ್ಲಿ ಕ್ರಮ ನಿಗದಿ ಮಾಡಿತು. ಎಷ್ಟು ಮೀಟರ್ ನಡೆದರು ಎಂಬುದರ ಜತೆಗೆ ನಡಿಗೆಯ ಮೊದಲು ಮತ್ತು ನಂತರ ನಾಡಿ, ರಕ್ತದೊತ್ತಡ, ಆಮ್ಲಜನಕದ ಮಟ್ಟ ಬರೆದುಕೊಳ್ಳುತ್ತಾರೆ. ಕೊರೊನಾ ಕಾಲದಲ್ಲಿ ಬೆರಳಿಗೆ ಸಿಕ್ಕಿಸುವ ಯಂತ್ರ ಮನೆಮನೆಗೆ ಬಂತಲ್ಲ, ಅದೇ. ಕುರ್ಚಿಯಲ್ಲಿ 96 ತೋರಿಸಿದ್ದು ನಡೆದಾಗ 86ಕ್ಕೆ ಇಳಿಯುವುದುಂಟು, ಮುಖ್ಯವಾಗಿ ಶ್ವಾಸಕೋಶ ಗಡುಸಾದವರಲ್ಲಿ. ಕೂತೇ ನೋಡಿದ್ದರೆ ಇದು ತಿಳಿಯುತ್ತಲೇ ಇರಲಿಲ್ಲ.

‘ಸೊನ್ನೆಯಿಂದ ಹತ್ತರೊಳಗೆ ನಿಮ್ಮ ಏದುಸಿರು ಎಷ್ಟು?’ ಎಂದು ಕೇಳಿದರೆ ಮಕ್ಕಳಾಟವೆಂದು ನಗಬೇಡಿ. ಸ್ವೀಡನ್ನಿನ ಮನಶ್ಶಾಸ್ತ್ರಜ್ಞ ಗುನ್ನಾರ್ ಬೋರ್ಗ್ ರೂಪಿಸಿದ ಅಳತೆ ಇದು. ಕೆಲವು ಹೃದ್ರೋಗದ ಮಾತ್ರೆಗಳು ನಾಡಿಬಡಿತ ಏರದಂತೆ ತಡೆಯುತ್ತವೆ. ಆಗ ನಾಡಿಯೊಂದನ್ನೇ ನಂಬಿದರೆ ರೋಗಿ ಬಸವಳಿದದ್ದು ಗೊತ್ತಾಗುವುದಿಲ್ಲ; ಅವರ ಬಾಯಿಮಾತೇ ಆಧಾರ. ಹೀಗಾಗಿ ಹೋಗುವಾಗ ಎಲ್ಲ ಮಾತ್ರೆಗಳನ್ನೂ ಚೀಟಿಗಳನ್ನೂ ಒಂದು ಚೀಲಕ್ಕೆ ಹಾಕಿ ಒಯ್ಯಿರಿ.

ಮನೆಯಂಗಳದಲ್ಲಿ ನೀವೇ ಈ ಪರೀಕ್ಷೆ ಮಾಡಹೋಗಬೇಡಿ. ಕಳೆದ ಒಂದು ತಿಂಗಳಲ್ಲಿ ಹೃದಯಾಘಾತವಾದವರಿಗೆ, ಕೂತಲ್ಲೇ ಎದೆನೋವು ಬರುವವರಿಗೆ ಇದನ್ನು ಮಾಡುವುದಿಲ್ಲ. ಎದೆ ಹಿಂಡಿದಂತಾಗಿ ಬೆವರಿದರೆ, ಕೂತಿದ್ದರೂ ಮಾತಾಡಲಾಗದಷ್ಟು ಏದುಸಿರಿದ್ದರೆ ಫಿಸಿಯೋಥೆರಪಿಯ ಮಾತೇ ಬೇಡ, 108ಕ್ಕೆ ಕರೆ ಮಾಡಿ.

ಕೆಲವು ವಾರಗಳ ವ್ಯಾಯಾಮದ ನಂತರ ಅದೇ ಹಾದಿಯಲ್ಲಿ ಮತ್ತೆ ನಡೆಸುತ್ತಾರೆ. ಹಳೆಯ ಶ್ವಾಸಕೋಶದ ಕಾಯಿಲೆಯವರಲ್ಲಿ ಸುಮಾರು 30 ಮೀಟರ್ ಹೆಚ್ಚಾದರೂ ಅದು ಗಣನೀಯ ಸುಧಾರಣೆ. ಮೊದಲ ದಿನದ ಅಂಕಿಗಳಿರುವ ಹಾಳೆಯನ್ನು ಕೇಳಿ ಪಡೆದು ಚೀಲದಲ್ಲಿಡಿ. ಮುಂದೆ ಶಿವಮೊಗ್ಗಕ್ಕೋ ಬೆಂಗಳೂರಿಗೋ ಹೋದಾಗ ವೈದ್ಯರು ಅದನ್ನು ನೋಡಬಯಸುತ್ತಾರೆ.